ಮದುವೆ ಕುದುರೆಗೆ ಕಟ್ಟಿದ ಕಚ್ಚೆ

ಗಂಡು ಕುದುರೆಯ ಹೊಟ್ಟೆಯಡಿ ಕೈ ಹಾಕಿ ತೊಳೆಯುವುದು ಹೆಂಗಸರು ಮಾಡುವ ಕೆಲಸವೇ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ನಂಜನಗೂಡಿನ ನಮ್ಮ ಬೀದಿಯ ನಲ್ಲಿ ಹತ್ತಿರ ನಿಂತರೆ ಈಗಲೂ ಯಾರಾದರೂ ಬಾಯಿಗೆ ಸೆರಗು ಹಿಡಿದು ಕಿಸಕ್ಕನೆ ನಗುತ್ತಾರೆ. ನಗಲಿ. ಎರಡು ಮಕ್ಕಳ ಹೇಲುಚ್ಚೆ ಬಳಿದ ಕೈ ಇದು, ಕುದುರೆಯದನ್ನು ತೊಳೆದರೆ ಸವೆದುಹೋಗುವುದಿಲ್ಲ. ತಿ. ನರಸೀಪುರದ ಕಡೆ ಕುದುರೆ ಇಟ್ಟವರು ಫೋನ್ ಮಾಡಿ "ಅಕ್ಕ, ಒಸಿ ಬಂದು ನಮ್ದೂ ನೋಡ್ಬುಟ್ಟು ಓಗಿ" ಎಂದು ಕರೆಯುವಾಗ ನನಗೆ ಆಗುವ ಹೆಮ್ಮೆ ಆ ನಗುವವರಿಗೇನು ಗೊತ್ತು?

ನಮ್ಮ ಮಾವ ಮೊದಲು ಜಟಕಾ ಹೊಡೆಯುತ್ತಿದ್ದವರು. ಆಟೋಗಳು ಬಂದ ಮೇಲೆ ಗಾಡಿ ಮೂಲೆ ಸೇರಿತು. ಕುದುರೆಯಿಲ್ಲದೆ ಇರಲಾರದ ಮನುಷ್ಯ ಒಂದು ಬಿಳಿ ಕುದುರೆ ತಂದು ಮದುವೆ ಮೆರವಣಿಗೆಗೆ ಬಿಡತೊಡಗಿದರು. ಬೀಜ ತೆಗೆಸಿದ ಸಾಧು ಗಂಡು. ನನ್ನ ಗಂಡನಿಗೆ ಫ್ಯಾಕ್ಟರಿ ಶಿಫ್ಟು, ಹಾಗಾಗಿ ಹುರುಳಿ ಬೇಯಿಸುವುದು, ಮೈ ಉಜ್ಜುವುದು, ಲದ್ದಿ ಬಾಚುವುದು ಎಲ್ಲ ನನ್ನ ಪಾಲಿಗೆ ಬಂತು. ಹೊಟ್ಟೆಯಡಿ ಇರುವ ತೊಗಲಿನ ಚೀಲ ಮತ್ತು ಅದರೊಳಗೆ ಅಡಗಿರುವ ಅಂಗವನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದರ ಮಾತನ್ನೂ ಎತ್ತುತ್ತಿರಲಿಲ್ಲ.

ಮುಚ್ಚುವುದಕ್ಕೆ ಮಾತ್ರ ಮಾವ ಒಂದು ಉಪಾಯ ಹೂಡಿದ್ದರು. ಮೆರವಣಿಗೆ ಮಧ್ಯೆ ಕುದುರೆ ನಿರಾಳವಾಗಿ ನಿಂತರೆ ಅದು ಹೊರಗೆ ಜೋತುಬೀಳುತ್ತದೆ. ಹುಡುಗಿಯರು ಮುಖ ತಿರುಗಿಸುತ್ತಾರೆ, ಗಂಡಸರು ಸಿಳ್ಳೆ ಹಾಕುತ್ತಾರೆ, ಮೇಲೆ ಕೂತ ಮದುಮಗ ಬೆವರುತ್ತಾನೆ. ಅದಕ್ಕೆ ಮಾವ ತಮ್ಮ ಹಳೆಯ ರೇಷ್ಮೆ ಪಂಚೆ ಹರಿದು, ಜರಿಯಂಚು ಎದ್ದು ಕಾಣುವ ಹಾಗೆ, ಕುದುರೆಗೊಂದು ಕಚ್ಚೆ ಕಟ್ಟುತ್ತಿದ್ದರು. ಮದುವೆ ಸೀಸನ್ನಿನಲ್ಲಿ ಬೆಳಗಿನಿಂದ ಸಂಜೆವರೆಗೂ ಅದನ್ನು ಬಿಚ್ಚುತ್ತಿರಲಿಲ್ಲ. "ಮರ್ವಾದಸ್ತರ ಕುದ್ರೆ ಕಣವ್ವ ನಮ್ದು," ಎಂದು ಬೀಗುತ್ತಿದ್ದರು. ಉಚ್ಚೆ, ಬೆವರು, ಧೂಳು ಎಲ್ಲ ಆ ಮರ್ಯಾದೆಯೊಳಗೇ ಕೂತು ಕೊಳೆಯುತ್ತಿತ್ತು.

ಅದರ ಫಲ ಕಂಡದ್ದು ತಿ. ನರಸೀಪುರದ ಒಂದು ಮದುವೆಯಲ್ಲಿ. ನೀರಿನ ಬಕೆಟ್ಟು ಹಿಡಿದು ನಾನೂ ಜೊತೆಗೆ ಹೋಗಿದ್ದೆ. ಛತ್ರದ ಮುಂದೆ ಕುದುರೆ ತಟ್ಟನೆ ನಿಂತು, ಹಿಂಗಾಲು ಅಗಲಿಸಿ ತಿಣುಕಿತು. ಕಚ್ಚೆಯಿಂದ ನಾಲ್ಕು ಹನಿ ತೊಟ್ಟಿಕ್ಕಿತು, ಅಷ್ಟೆ. ಮತ್ತೆ ತಿಣುಕಿತು. ಮಾವ ಲಗಾಮು ಎಳೆದಾಗ ಕಾಲು ಝಾಡಿಸಿ ಒದೆಯಿತು. ಮದುಮಗ ಪೇಟ ಹಿಡಿದುಕೊಂಡು ಕೆಳಗಿಳಿದು ನಡೆದೇ ಛತ್ರ ಸೇರಿದ. ಅವನ ಕಡೆಯವರು ಮಾವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮನೆಗೆ ಬಂದವರೇ ಮಾವ ದಲ್ಲಾಳಿಗೆ ಫೋನ್ ಹಚ್ಚಿದರು. "ಒದೆಯಾಕೆ ಸುರು ಮಾಡುದ್ ಕುದ್ರೆ ಮನೇಲಿರಬಾರ್ದು ಕಣಪ್ಪ. ನಾಳೆ ಸಾಯಂಕಾಲ ಗಾಡಿ ತಗಂಬಾ."

ಆ ದಲ್ಲಾಳಿಯ ಗಾಡಿ ಹತ್ತಿದ ಕುದುರೆ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ನೋವಾಗಿ ಒದ್ದದ್ದಕ್ಕೆ ಮಾರೋದಾದ್ರೆ ಈ ಮನೇಲಿ ನನ್ನ ಯಾವತ್ತೋ ಮಾರ್ಬೇಕಿತ್ತು ಮಾವ. ಅದ್ಕೆ ಉಚ್ಚೆ ಕಟ್ಕಂಡದೆ. ಡಾಕ್ಟ್ರಿಗೆ ತೋರ್ಸನ."

"ಎಲ್ಲಿ ನೋವು ಅಂತ ಯೋಳೀಯವ್ವ? ಎಂಗಸಾಗಿ ಬಾಯಿ ಬಂದದಾ?"

"ಬತ್ತದೆ," ಎಂದೆ.

ಮಾರನೆಯ ಬೆಳಿಗ್ಗೆ ನನ್ನ ಕರೆಗೆ ಬಂದದ್ದು ಪಶು ಆಸ್ಪತ್ರೆಯ ಲೇಡಿ ಡಾಕ್ಟರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಗೂಟದ ಮೇಲೆ ಒಣಗುತ್ತಿದ್ದ ಕಚ್ಚೆ ನೋಡಿ, "ಇದನ್ನ ಕಟ್ಟೋರು ಯಾರು?" ಎಂದರು. ಮಾವ ಸೂರಿನ ಹೆಂಚು ನೋಡತೊಡಗಿದರು.

"ಒಳಗಡೆ ಕೊಳೆ ಗಟ್ಟಿಯಾಗಿದೆ. ಉಚ್ಚೆ ಬರೋ ಬಾಯಿ ಹತ್ರಾನೇ ಗಂಟು ಕೂತಿರ್ಬೇಕು. ಕ್ಲೀನ್ ಮಾಡ್ಬೇಕು," ಎಂದು ಮಂಪರಿನ ಇಂಜೆಕ್ಷನ್ ಕೊಟ್ಟರು. ಕುದುರೆ ತಲೆ ಜೋಲುಹಾಕಿತು. ಆದರೂ ಅವರ ಕೈ ತಾಕಿದರೆ ಸಾಕು, ಹೊಟ್ಟೆ ಬಿಗಿಹಿಡಿದು ಅಂಗವನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಕೊನೆಗೆ ಅವರೇ ಗ್ಲೌಸು ನನ್ನ ಕಡೆ ಚಾಚಿದರು. "ನೀವು ಬನ್ನಿ. ನಿಮ್ಮ ಕೈ ಅವನಿಗೆ ಗೊತ್ತು. ಹೇಗೆ ಅಂತ ನಾನು ಹೇಳ್ತೀನಿ."

"ಬ್ಯಾಡ ಕಣವ್ವ, ಬೀದಿಯೋರೆಲ್ಲ ನೋಡ್ತಾವ್ರೆ," ಎಂದರು ಮಾವ. ನಿಜ, ಕಾಂಪೌಂಡಿನ ಆಚೆ ತಲೆಗಳು ಸಾಲುಗಟ್ಟಿದ್ದವು.

"ನೋಡ್ಲಿ ಬುಡಿ. ಕಲ್ತ್ಕತಾರೆ."

ಸೆರಗು ಸಿಕ್ಕಿಸಿಕೊಂಡು ಕುದುರೆಯ ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಂತೆ. ಒಂದು ಕೈ ಬೆನ್ನ ಮೇಲೆ. ಇನ್ನೊಂದು ಕೈಯಲ್ಲಿ ಉಗುರುಬೆಚ್ಚಗಿನ ನೀರು ಎರಚಿ, ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ಚೀಲದೊಳಗೆ ಬೆರಳು ತೂರಿಸಿದೆ. "ಏನಿಲ್ಲ ಮಗ, ನಾನು ಕಣೋ," ಎನ್ನುತ್ತಲೇ ಇದ್ದೆ. ಬಾಣಲೆಯ ತಳಕ್ಕೆ ಹತ್ತಿದ ಜಿಡ್ಡಿನ ಹಾಗೆ ಕಪ್ಪು ಕೊಳೆ ಸುರುಳಿ ಸುರುಳಿಯಾಗಿ ಬಂತು. ಆ ನಾತಕ್ಕೆ ಆಚೆಯ ತಲೆಗಳು ಒಂದೊಂದಾಗಿ ಮರೆಯಾದವು. ಎಣ್ಣೆ ನೆನೆಯಲೆಂದು ಬಿಟ್ಟು ಮತ್ತೆ ತೊಳೆದೆ. ಬರಬರುತ್ತಾ ಕುದುರೆ ಬಿಗಿ ಸಡಿಲಿಸಿ ಅಂಗವನ್ನು ತಾನಾಗಿ ಇಳಿಬಿಟ್ಟಿತು.

"ತುದೀಲಿ ಸಣ್ಣ ಗುಳಿ ಇರುತ್ತೆ, ಅಲ್ಲಿ ಸವರಿ ನೋಡಿ," ಎಂದರು ಡಾಕ್ಟರು. ಸವರಿದೆ. ಗಟ್ಟಿಯಾಗಿ ಏನೋ ಸಿಕ್ಕಿತು. ಎಣ್ಣೆ ಹಚ್ಚಿ ಹಚ್ಚಿ ಬೆರಳಿನಿಂದ ಹೊರಳಿಸಿ ತೆಗೆದರೆ ದಪ್ಪ ಅವರೆಕಾಳಿನಂಥ ಬೂದು ಗಂಟು! ಅದನ್ನು ಅಂಗೈಲಿಟ್ಟು ನೋಡುತ್ತಿದ್ದೆ, ಅಷ್ಟರಲ್ಲಿ ಕುದುರೆ ಹಿಂಗಾಲು ಅಗಲಿಸಿತು. ಬಂತು ನೋಡಿ! ಕೊಳಾಯಿ ಒಡೆದ ಹಾಗೆ ಸುರಿದ ಸುರಿತಕ್ಕೆ ನನ್ನ ಸೀರೆ ಮೊಣಕಾಲವರೆಗೆ ತೊಯ್ದುಹೋಯಿತು. ಅಯ್ಯೋ ಶಿವನೇ, ಉಚ್ಚೆಯಲ್ಲಿ ನೆಂದು ಅಷ್ಟು ಸಂತೋಷಪಟ್ಟವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಮಾವ ಅಲ್ಲೇ ಕುಕ್ಕರಿಸಿದರು. "ಮೂಗುಪ್ರಾಣಿಗೆ ಎಂಥಾ ಇಂಸೆ ಕೊಟ್ಬುಟ್ನಲ್ಲವ್ವ," ಎಂದು ಟವಲ್ಲಿನಲ್ಲಿ ಕಣ್ಣೊರೆಸಿಕೊಂಡರು. ಸೋಪು ಹಾಕಬೇಡಿ, ಮೇಲಿಂದ ಮೇಲೆ ಉಜ್ಜಲೂಬೇಡಿ, ವರ್ಷಕ್ಕೆ ಒಂದೆರಡು ಸಲ ಹೀಗೆ ನೋಡಿಕೊಂಡರೆ ಸಾಕು ಎಂದು ಡಾಕ್ಟರು ಹೇಳಿದ್ದು ನನಗೆ. ಮಾವ ಅದನ್ನು ನನಗಿಂತ ಗಮನವಿಟ್ಟು ಕೇಳಿಸಿಕೊಂಡರು.

ಸಂಜೆ ದಲ್ಲಾಳಿ ಬಂದೇ ಬಂದ. ಬೇಡವೆಂದು ಫೋನ್ ಮಾಡುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವನು ಗಾಡಿಯನ್ನು ಮನೆಯ ಮುಂದೆ ಹಿಮ್ಮುಖವಾಗಿ ನಿಲ್ಲಿಸಿ, ಹಿಂಬಾಗಿಲು ಇಳಿಸಿ, "ಬುಡ್ಸಿ ಯಜಮಾನ್ರೇ, ಒತ್ತಾಯ್ತದೆ," ಎಂದ.

ಮಾವ ಜಗಲಿಯಿಂದ ಏಳಲಿಲ್ಲ. ಈ ಮನೆಯಲ್ಲಿ ಒಂದು ಲೋಟ ಎಲ್ಲಿಡಬೇಕೆಂದೂ ನನ್ನನ್ನು ಕೇಳಿದ ಮನುಷ್ಯನಲ್ಲ ಅವರು. "ನನ್ನ ಯಾಕಪ್ಪ ಕೇಳೀಯೆ? ಕುದ್ರೆ ಯಜಮಾನಿ ಅಲ್ ನಿಂತವಳೆ, ಅವಳ ಕೇಳು," ಎಂದರು.

ದಲ್ಲಾಳಿ ನನ್ನ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ನಾನು ಹೋಗಿ ಅವನ ಗಾಡಿಯ ಹಿಂಬಾಗಿಲನ್ನು ಎತ್ತಿ, ಧಡಾರನೆ ಚಿಲಕ ಹಾಕಿದೆ.