ಎರ್ವಿನ್ ಜೋಡಿಸಿದ ಎಂಜಿನ್

ಎರ್ವಿನ್ ಬಿಟ್ಸಿಲ್ಲಿ ಮೂವತ್ತು ವರ್ಷ ಕಲ್ಲಿದ್ದಲು ಗಣಿಯ ಲಾರಿಗಳನ್ನು ರಿಪೇರಿ ಮಾಡಿದವನು. ಗಣಿ ಮುಚ್ಚಿದ ಮೇಲೆ ಬ್ಲ್ಯಾಕ್ ಮೇಸಾ ಎಂಬ ಬೆಟ್ಟಸೀಮೆಯಲ್ಲೇ ಉಳಿದ. ಅವನ ನವಾಹೋ ಬುಡಕಟ್ಟಿನಲ್ಲಿ ಮನೆ, ಕುರಿ ಎಲ್ಲ ಹೆಂಗಸಿನದು. ಎರ್ವಿನ್‌ನದು ಅಂತ ಇದ್ದದ್ದು ಒಂದು ಹಳೇ ಪಿಕಪ್ ಟ್ರಕ್. ಆ ವಸಂತದಲ್ಲಿ ಅದರ ಎಂಜಿನ್ ಸೀಜ್ ಆಗಿ, ತಿರುಗದೆ ಕಚ್ಚಿಕೊಂಡಿತು. ಪಟ್ಟಣದಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ಕವಾಟಗಳನ್ನು ತೆರೆದು ಮುಚ್ಚುವ ಹೊಸ ಕ್ಯಾಮ್ ದಂಡ ಹಾಕಿ ತಾನೇ ಕಟ್ಟಿದ. ಟ್ರಕ್ಕಿಗೆ ಜೋಡಿಸಲು ಅವಸರವಿಲ್ಲ ಎಂದು ಟಾರ್ಪಾಲು ಹೊದಿಸಿಟ್ಟಿದ್ದ.

ಅವಸರ ಬಂದದ್ದು ಆಗಸ್ಟಿನ ಒಂದು ಭಾನುವಾರ. ಮಳೆ ಹುಯ್ದು ಹಳ್ಳ ತುಂಬಿ ಹರಿದು, ರಸ್ತೆಯನ್ನು ಕೊಚ್ಚಿಕೊಂಡು ಹೋಯಿತು. ಹೆಂಡತಿ ಬರ್ನಿಟಾಗೆ ಎರಡೂ ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಕೇಂದ್ರದ ವ್ಯಾನು ಬಾಗಿಲಿಗೇ ಬಂದು ಕರೆದೊಯ್ಯುತ್ತಿತ್ತು. ಸೋಮವಾರ ವ್ಯಾನು ಬರಲಿಲ್ಲ. ಅವಳ ತಮ್ಮ ಲೀಲ್ಯಾಂಡ್ ಕುದುರೆ ಹತ್ತಿ, ಸಿಗ್ನಲ್ ಸಿಗುವ ದಿಬ್ಬದವರೆಗೆ ಹೋಗಿ ಕೇಂದ್ರಕ್ಕೆ ಫೋನ್ ಮಾಡಿ ಬಂದ. ಹಳ್ಳ ದಾಟಿ ಯಾವ ಗಾಡಿಯೂ ಬರುವುದಿಲ್ಲವಂತೆ, ಹೇಗಾದರೂ ಮಾಡಿ ಡಾಂಬರು ರಸ್ತೆಗೆ ತನ್ನಿ ಅಂದರಂತೆ. ಡಾಂಬರು ರಸ್ತೆ ಹದಿನೆಂಟು ಮೈಲಿ. ಕುದುರೆಯ ಮೇಲೆ ಕೂರುವ ಶಕ್ತಿ ಬರ್ನಿಟಾಗೆ ಇರಲಿಲ್ಲ. ಅಕ್ಕಪಕ್ಕದವರು ಕುರಿ ಹೊಡೆದುಕೊಂಡು ಬೆಟ್ಟದ ಮೇಲಿದ್ದರು.

ಭಾವ, ಭಾಮೈದ ಇಬ್ಬರೂ ಸೋಮವಾರವೇ ಕೆಲಸಕ್ಕೆ ಬಿದ್ದರು. ಜುನಿಪರ್ ಮರದ ಮೂರು ಕಂಬ ನೆಟ್ಟು, ತುದಿ ಸೇರಿಸಿ ಕಟ್ಟಿ, ಸರಪಳಿ ರಾಟೆಯಲ್ಲಿ ಎಂಜಿನ್ ಎತ್ತಿದರು. ಒಮ್ಮೆ ಕಂಬ ಮರಳಿನಲ್ಲಿ ಜಾರಿ ಎಂಜಿನ್ ಓಲಾಡಿತು. ಎರ್ವಿನ್ ಮೈಕೊಟ್ಟು ತಡೆದ, ಪಕ್ಕೆ ಮೂಳೆ ಲಟ್ ಅಂದಿತು, ಆದರೂ ಸರಪಳಿ ಎಳೆದ. ಮಂಗಳವಾರ ಸಂಜೆಗೆ ಎಂಜಿನ್ ತನ್ನ ಜಾಗದಲ್ಲಿ ಕೂತಿತು. ಅಷ್ಟರಲ್ಲಿ ಬರ್ನಿಟಾಳ ಕಾಲು ಊದಿ, ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಉಳಿದದ್ದು ಹೊಗೆ ಕೊಳವೆ. ಹಳೆಯದು ಎರಕದ ಕಬ್ಬಿಣದ್ದು, ಗಟ್ಟಿ, ಮೇಲ್ಗಡೆಯೇ ಅಡಗಿ ಕೂರುತ್ತಿತ್ತು. ಆದರೆ ಬಿಚ್ಚಿ ನೋಡಿದರೆ ಉದ್ದಕ್ಕೂ ಬಿರುಕು. ಅದನ್ನು ಹಾಕಿದರೆ ಹೊಗೆಯೆಲ್ಲ ಟ್ರಕ್ಕಿನ ತುಕ್ಕು ಹಿಡಿದು ತೂತಾದ ತಳದಿಂದ ನೇರ ಬರ್ನಿಟಾಳ ಮುಖಕ್ಕೆ. ಇನ್ನೊಂದು ಜೊತೆ ಲೀಲ್ಯಾಂಡ್ ತಂದಿದ್ದ, ಅವನ ರೇಸ್ ಟ್ರಕ್ಕಿನದು. ಎಂಜಿನ್ನಿನ ಒಂದೊಂದು ಬಾಯಿಗೂ ಒಂದೊಂದು ಉದ್ದ ಕೊಳವೆ, ಎಲ್ಲ ಕೆಳಗೆ ಬಂದು ಒಂದಾಗುವ ಹೆಡರ್, ಎಡಕ್ಕೊಂದು ಬಲಕ್ಕೊಂದು. ಹೊಗೆ ಒಂದಿಷ್ಟೂ ಸೋರುವುದಿಲ್ಲ. ಆದರೆ ಟ್ರಕ್ಕಿನ ಹೊಟ್ಟೆಯಿಂದ ಒಂದು ಗೇಣು ಕೆಳಗೆ ಜೋತುಬೀಳುತ್ತದೆ. ಹಳ್ಳದ ಬಂಡೆಗೆ ತಗುಲಿದರೆ ಮುಗಿಯಿತು. ಸಾಲದ್ದಕ್ಕೆ ಸ್ಟಾರ್ಟರಿಗೆ ಒತ್ತಿಕೊಂಡೇ ಇದ್ದು ಅದನ್ನೂ ಸುಡುವುದರಿಂದ, ಎಂಜಿನ್ ಬಿಸಿಯಾದ ಮೇಲೆ ಒಮ್ಮೆ ನಿಂತರೆ ಮತ್ತೆ ಶುರುವಾಗುವುದಿಲ್ಲ.

"ಇದನ್ನ ಹಾಕಿದ್ರೆ ನಿನ್ನ ಮುದಿ ಟ್ರಕ್ಕು ರೇಸ್ ಗೆಲ್ಲುತ್ತೆ ಭಾವ," ಅಂದ ಲೀಲ್ಯಾಂಡ್.

"ರೇಸ್ ಗೆದ್ದ ಟ್ರಕ್ಕು ಯಾಕಪ್ಪ ಚಕ್ರ ಇಲ್ದೆ ನಿಮ್ಮಮ್ಮನ ಕುರಿದೊಡ್ಡಿ ಹಿಂದೆ ಬಿದ್ದಿದೆ?"

ಇಬ್ಬರಿಗೂ ನಗು ಬರಲಿಲ್ಲ. ಎರ್ವಿನ್ ಎರಡನ್ನೂ ಮುಂದಿಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಮೂವತ್ತು ವರ್ಷದಲ್ಲಿ ಯಾವ ಲಾರಿಯ ಮುಂದೆಯೂ ಅವನು ಹೀಗೆ ತೀರ್ಮಾನಿಸಲಾಗದೆ ಕೂತಿರಲಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಬರ್ನಿಟಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಕೆಮ್ಮಿ ಸಾಯೋದಕ್ಕಿಂತ ಕುಲುಕಿ ಸಾಯೋದು ವಾಸಿ," ಅಂದಳು. "ಉದ್ದದ್ದೇ ಹಾಕು."

ಒಂದು ಕೊಳವೆ ಸ್ಟೀರಿಂಗ್ ದಂಡಕ್ಕೆ ತಾಗುತ್ತಿತ್ತು. ಎರ್ವಿನ್ ಅದನ್ನು ಸುತ್ತಿಗೆಯಿಂದ ಬಡಿದು ತಗ್ಗು ಮಾಡಿದ. ಎಂಜಿನ್ ಹೊತ್ತಿದ ಮೇಲೂ ಹೊರಡುವಂತಿರಲಿಲ್ಲ. ಹೊಸ ಕ್ಯಾಮ್ ಪಳಗಲು ಇಪ್ಪತ್ತು ನಿಮಿಷ ನಿಂತಲ್ಲೇ ಜೋರಾಗಿ ಓಡಬೇಕು, ಇಲ್ಲವಾದರೆ ದಾರಿಯಲ್ಲೇ ಸವೆದು ಹೋಗುತ್ತದೆ. ಆ ಇಪ್ಪತ್ತು ನಿಮಿಷ ಎರ್ವಿನ್ ಗಡಿಯಾರವನ್ನು ಒಮ್ಮೆ, ಹೆಂಡತಿಯ ಎದೆಯ ಏರಿಳಿತವನ್ನು ಒಮ್ಮೆ ನೋಡುತ್ತ ನಿಂತ.

ಮೂವರೂ ಟ್ರಕ್ಕಿನಲ್ಲಿ ಹಳ್ಳದವರೆಗೆ ಬಂದರು. ನೀರು ಇಳಿದಿತ್ತು, ಆದರೆ ದಡ ಅವನು ಎಣಿಸಿದ್ದಕ್ಕಿಂತ ಹೆಚ್ಚು ಕುಸಿದಿತ್ತು. ಕಲ್ಲು ತುಂಬದೆ ಇಳಿಯುವಂತಿಲ್ಲ. ಎಂಜಿನ್ ಆರಿಸುವಂತೆಯೂ ಇಲ್ಲ. ನಿಧಾನಕ್ಕೆ ಓಡುವಂತೆ ಇನ್ನೂ ಹದ ಮಾಡಿಲ್ಲದ ಎಂಜಿನ್, ಪೆಡಲಿನಿಂದ ಕಾಲು ತೆಗೆದರೆ ನಿಲ್ಲುತ್ತಿತ್ತು, ಪೆಡಲಿನ ಮೇಲೆ ಕಲ್ಲು ಹೇರಿದರೆ ಮಿತಿಮೀರಿ ಓಡಿ ಕೆಡುತ್ತಿತ್ತು. ಚಕ್ರಕ್ಕೆ ಕಲ್ಲು ಕೊಟ್ಟು, ಬರ್ನಿಟಾಳನ್ನು ತನ್ನ ಸೀಟಿಗೆ ಸರಿಸಿ, ಅವಳ ಊದಿದ ಕಾಲನ್ನು ಎತ್ತಿ ಆಕ್ಸಿಲರೇಟರ್ ಮೇಲಿಟ್ಟ.

"ಇಷ್ಟೇ ಒತ್ತಿಕೊಂಡಿರು. ಬಿಡಬೇಡ."

"ಆಯ್ತು, ಹೋಗು ನೀನು."

ಭಾವ, ಭಾಮೈದ ಇಬ್ಬರೂ ಹಳ್ಳದಲ್ಲಿ ಕಲ್ಲು ಹೊತ್ತರು. ಎರ್ವಿನ್‌ಗೆ ಅಲ್ಲಿಂದ ಅವಳ ಮುಖ ಕಾಣುತ್ತಿರಲಿಲ್ಲ, ಎಂಜಿನ್ ಸದ್ದು ಕೇಳುತ್ತಿತ್ತು. ಸದ್ದು ಒಂದೇ ಸಮ ಇರುವವರೆಗೆ ಅವಳಿದ್ದಾಳೆ. ಅದು ಒಂದಿಷ್ಟು ಇಳಿದರೆ ಕಲ್ಲು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದ, ಏರಿದರೆ ಮತ್ತೆ ನಡೆಯುತ್ತಿದ್ದ. ಪಕ್ಕೆಯ ನೋವಿಗೆ ಉಸಿರು ಕಟ್ಟುತ್ತಿತ್ತು. ಹೀಗೆ ಅರ್ಧ ಗಂಟೆ ಕಳೆದಿರಬೇಕು, ಸದ್ದು ಇಳಿಯಿತು. ಏರಲಿಲ್ಲ. ಕಲ್ಲು ಬಿಸಾಡಿ ದಡ ಹತ್ತಿ ಓಡಿದ. ಅವನು ಬಾಗಿಲು ತೆಗೆದು ಕೈಯಿಂದಲೇ ಪೆಡಲು ಅದುಮುವಷ್ಟರಲ್ಲಿ ಎಂಜಿನ್ ಕೊನೆಯುಸಿರಲ್ಲಿತ್ತು. ಬರ್ನಿಟಾ ಸ್ಟೀರಿಂಗಿಗೆ ಒರಗಿದ್ದಳು. ಕಣ್ಣು ತೆರೆದೇ ಇತ್ತು.

"ಕಾಲು ನನ್ನ ಮಾತು ಕೇಳ್ತಿಲ್ಲ," ಅಂದಳು, ಕೇಳಿಸೀ ಕೇಳಿಸದ ಹಾಗೆ.

ಕಲ್ಲು ಅರ್ಧವೇ ತುಂಬಿತ್ತು. ಎರ್ವಿನ್ ಕಾಯಲಿಲ್ಲ. ಲೀಲ್ಯಾಂಡ್ ಅಕ್ಕನನ್ನು ಪಕ್ಕದ ಸೀಟಿಗೆ ಸರಿಸಿ ತಬ್ಬಿ ಹಿಡಿದುಕೊಂಡ, ಟ್ರಕ್ಕು ಹಳ್ಳಕ್ಕೆ ಇಳಿಯಿತು. ನಡುವೆ ಎಡಗಡೆಯ ಕೊಳವೆ ಬಂಡೆಗೆ ಬಡಿದು, ಬೋಲ್ಟುಗಳು ಕಿತ್ತು, ಕೆಳಗೆ ಕಳಚಿಬಿತ್ತು. ಆಮೇಲೆ ಕಿವಿ ಹರಿಯುವ ಸದ್ದು. ಬಾನೆಟ್ಟಿನ ಸಂದಿಯಿಂದ ಬೆಂಕಿಯ ನಾಲಗೆ ಕಂಡಿತು. ಎರ್ವಿನ್ ಹೊಗೆ ಒಳಗೆ ನಿಲ್ಲದಂತೆ ಕಿಟಕಿಗಳನ್ನೆಲ್ಲ ಇಳಿಸಿ, ಕಾಲು ಎತ್ತದೆ ದಡ ಹತ್ತಿಸಿದ. ದಿಬ್ಬದ ಮೇಲೆ ಲೀಲ್ಯಾಂಡ್ ಆಂಬುಲೆನ್ಸಿಗೆ ಫೋನ್ ಮಾಡಿದ. ಡಾಂಬರು ರಸ್ತೆ ಮುಟ್ಟಿದಾಗ ಅದು ಬಂದು ನಿಂತಿತ್ತು.

ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಹಂತಕ್ಕೆ ಬಂದಿತ್ತು, ಇನ್ನೊಂದು ಗಂಟೆ ತಡವಾಗಿದ್ದರೆ ತಮ್ಮ ಕೈಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಅದನ್ನು ಕೇಳಿ ಎರ್ವಿನ್ ಆಸ್ಪತ್ರೆಯ ಹೊರಗೆ ಟ್ರಕ್ಕಿನ ಪಕ್ಕ ನೆಲದ ಮೇಲೆ ಕೂತ.

ಬರ್ನಿಟಾ ಬದುಕಿದಳು. ಆದರೆ ಮನೆಗೆ ಹಿಂದಿರುಗಲು ಎರ್ವಿನ್‌ಗೆ ಧೈರ್ಯ ಬರಲಿಲ್ಲ. ಕುರಿಗಳನ್ನು ಅವಳ ತಂಗಿಗೆ ಒಪ್ಪಿಸಿ, ಡಯಾಲಿಸಿಸ್ ಕೇಂದ್ರದ ಹಿಂದೆಯೇ ಒಂದು ತಗಡಿನ ಮನೆ ಹಿಡಿದರು. ಅಲ್ಲಿಂದ ಕೇಂದ್ರಕ್ಕೆ ಮೂರು ನಿಮಿಷದ ನಡಿಗೆ, ಟ್ರಕ್ಕು ಬೇಕಾಗಿಯೇ ಇರಲಿಲ್ಲ. ಅವಳು ಬೆಳಿಗ್ಗೆ ಎದ್ದು ಬೆಟ್ಟದಲ್ಲಿ ಬಿಟ್ಟುಬಂದ ಕುರಿಗಳ ಹೆಸರು ಹಿಡಿದು ಮಾತಾಡುವುದನ್ನು ಎರ್ವಿನ್ ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ.