ನಡುಗುವ ಬೆರಳಿಗೆ ಒಗ್ಗಿದ ಟಪಾಲು

ಹಿರೇಕೆರೂರಿನ ಬೀಜದ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪತ್ರವ್ಯವಹಾರ ನೋಡಿಕೊಂಡು ಬಂದವಳು ನೀಲಾಂಬಿಕಾ. ಹಾನಗಲ್ಲಿನ ಬೆಳೆಗಾರನೊಬ್ಬ ಬರೆದ ಎರಡು ಸಾಲು ಓದಿದರೆ ಸಾಕು, ಅವನ ಹೊಲದ ಸ್ಥಿತಿ ಹೇಳುತ್ತಿದ್ದಳು. ಐವತ್ತಮೂರರ ವಯಸ್ಸಿಗೆ ಅವಳ ಕೈಗಳು ನಡುಗತೊಡಗಿದವು. ಗುಳಿಗೆ ಕೊಟ್ಟ ಡಾಕ್ಟರು, ಪೂರ್ತಿ ನಿಲ್ಲುವ ನಡುಕ ಇದಲ್ಲ ಎಂದೂ ಹೇಳಿದರು.

ಓದಲು, ಉತ್ತರ ಯೋಚಿಸಲು, ನೆನಪಿಡಲು ಏನೂ ತೊಂದರೆ ಇರಲಿಲ್ಲ. ಕೈಕೊಟ್ಟಿದ್ದು ಮೌಸು. ಉತ್ತರ ಕಳಿಸುವ ಗುಂಡಿಯ ಮೇಲೆ ಬಾಣ ಇಡಲು ಹೋದರೆ ಅದು ಇನ್ನೆಲ್ಲಿಗೋ ಜಿಗಿಯುತ್ತಿತ್ತು. ಮ್ಯಾನೇಜರ್ ಸುಶೀಂದ್ರ ಇದನ್ನು ಕಂಡು, ಸ್ಟೋರಿನಲ್ಲಿ ಚೀಲ ಎಣಿಸುವ ಕೆಲಸಕ್ಕೆ ಹೋಗಿ ಎಂದ. ಮರುಕದಿಂದಲೇ ಹೇಳಿದ್ದ. ಆ ಮರುಕವೇ ಅವಳಿಗೆ ಮೈಯುರಿಸಿತು.

ಕಂಪ್ಯೂಟರ್ ರಿಪೇರಿಗೆಂದು ಸವಣೂರಿನಿಂದ ಬರುತ್ತಿದ್ದ ಫಾರೂಕನನ್ನು ತಡೆದು ನಿಲ್ಲಿಸಿ, ಮೌಸ್ ಮುಟ್ಟದೆ ಮೇಲ್ ನೋಡುವ ದಾರಿ ಕೇಳಿದಳು. ಅವನು ಟರ್ಮಿನಲ್ ತೆರೆದ. ಕರಿ ಪರದೆ, ಬಿಳಿ ಅಕ್ಷರ, ಚಿತ್ರವಿಲ್ಲ, ಗುಂಡಿಯಿಲ್ಲ, ಎಲ್ಲವೂ ಕೀಬೋರ್ಡಿನಿಂದಲೇ. ಅದರಲ್ಲಿ ಓಡುವ ಎರಡು ಪ್ರೋಗ್ರಾಂ ಹಾಕಿಕೊಟ್ಟ. ಮೊದಲನೆಯದರಲ್ಲಿ ಯಾವ ಕೀ ಏನು ಮಾಡುತ್ತದೆಂದು ಕೆಳಗೇ ಬರೆದಿತ್ತು. ಎರಡನೆಯದು ಮಟ್. ಅದರ ಕೀಗಳನ್ನು ನಮಗೆ ಬೇಕಾದಂತೆ ನಾವೇ ಒಂದು ಫೈಲಿನಲ್ಲಿ ಬರೆದುಕೊಳ್ಳಬೇಕು.

“ಮೊದಲನೇದ ತಗೋರಿ ಅಕ್ಕಾರ. ಇನ್ನೊಂದು ಭಾಳ ತ್ರಾಸ ಕೊಡ್ತೈತಿ,” ಎಂದ ಫಾರೂಕ.

ತಗೊಂಡಳು. ಕನ್ನಡದ ಒತ್ತಕ್ಷರಗಳು ಅಲ್ಲಿ ಬಿಡಿಬಿಡಿಯಾಗಿ ಬೀಳುತ್ತಿದ್ದವು, ಅದಕ್ಕೂ ಹೊಂದಿಕೊಂಡಳು. ಆದರೆ ಒಂದು ಬೆಳಿಗ್ಗೆ ನಡುಗುವ ಬೆರಳು ಅಳಿಸುವ ಕೀಯನ್ನು ಒತ್ತಿತು. ಮುಚ್ಚುವಾಗ ಪ್ರೋಗ್ರಾಂ “ಅಳಿಸಲೇ?” ಎಂದು ಕೇಳಿದ್ದನ್ನು ಓದುವ ಮೊದಲೇ ಇನ್ನೊಂದು ಬೆರಳು ಹೌದು ಎಂದಿತ್ತು. ಶಿಗ್ಗಾಂವಿಯ ವ್ಯಾಪಾರಿಯ ಪತ್ರ ಹೋಗಿಬಿಟ್ಟಿತು. ಅವನಿಗೆ ತಾನೇ ಫೋನ್ ಮಾಡಿ, ಅಳಿಸಿದವಳು ನಾನು, ಇನ್ನೊಮ್ಮೆ ಕಳಿಸಿರೆಂದು ಕೇಳಿದಳು. ಸುದ್ದಿ ಸುಶೀಂದ್ರನಿಗೂ ಮುಟ್ಟಿತು.

ಅಂದೇ ಅವಳು ಮಟ್‌ನ ಕಡೆ ತಿರುಗಿದಳು. ಕೈಪಿಡಿಯನ್ನು ಮುದ್ರಿಸಿಕೊಂಡು ಬುತ್ತಿಯ ಹೊತ್ತಿನಲ್ಲಿ ಹನ್ನೊಂದು ದಿನ ಓದಿದಳು. ಅಳಿಸುವ ಕೀಯನ್ನು ಒತ್ತಿದರೂ ಏನೂ ಆಗದ ಸತ್ತ ಕೀ ಮಾಡಿದಳು. ಅಳಿಸಲೇಬೇಕೆಂದರೆ ದೂರ ದೂರದ ಮೂರು ಕೀಗಳನ್ನು ಒಂದಾದ ಮೇಲೊಂದು ಒತ್ತಬೇಕು. ನಡುಗುವ ಬೆರಳು ತಪ್ಪಿ ಹಾಗೆ ಒತ್ತಲಾರದು. ಒಂದೇ ಅಕ್ಷರ ಎರಡೆರಡು ಸಲ ಬೀಳದಂತೆ ಕೀಬೋರ್ಡನ್ನು ಫಾರೂಕ ನಿಧಾನ ಮಾಡಿಕೊಟ್ಟ. ಫೈಲಿನ ಒಂದೊಂದು ಸಾಲೂ ಅವಳೇ ಬರೆದದ್ದು. ಸಾಲು ತಪ್ಪಿ ಎರಡು ಸಲ ಪ್ರೋಗ್ರಾಂ ತೆರೆಯಲೇ ಇಲ್ಲ. ಬೈದುಕೊಂಡು ಮತ್ತೆ ಬರೆದಳು.

ಅಷ್ಟರಲ್ಲಿ ಸ್ಟೋರಿಗೆ ವರ್ಗ ಮಾಡಿದ ಸುಶೀಂದ್ರನ ಆದೇಶ ಮೇಲ್‌ನಲ್ಲಿಯೇ ಬಂತು. ಅವಳು ಅದನ್ನು ಆ ಕರಿ ಪರದೆಯಲ್ಲಿ ಓದಿ, ಅಲ್ಲಿಂದಲೇ ಉತ್ತರ ಬರೆದು, ಒಂದು ಪ್ರತಿಯನ್ನು ಮುಖ್ಯ ಕಚೇರಿಗೂ ಕಳಿಸಿದಳು. ಈ ತಿಂಗಳು ತಾನು ಉತ್ತರಿಸಿದ ಪತ್ರ ನಾನೂರಾ ಹತ್ತು, ಬಾಕಿ ಒಂದೂ ಇಲ್ಲ, ಸ್ಟೋರಿಗೆ ಹೋಗುವುದಿಲ್ಲ ಎಂದು.

ಸುಶೀಂದ್ರ ಮೇಜಿನ ಬಳಿ ಬಂದು ನಿಂತ. “ನಿಮಗ ಆರಾಮ ಇರಲಿ ಅಂತ ಮಾಡಿದ್ದೆ.”

“ಆರಾಮ ನಾ ಕೇಳಿಲ್ಲರಿ,” ಎಂದಳು. “ಕೈ ನಡಗತಾವ. ಕೆಲಸ ನಡಗೂದಿಲ್ಲ. ನೋಡಬೇಕಂದ್ರ ಕುಂದರ್ರಿ, ತೋರಸ್ತೇನಿ.”

ಅವನು ಕೂತ. ಅವಳು ಹಂಸಭಾವಿಯಿಂದ ಬಂದಿದ್ದ ದೂರೊಂದನ್ನು ತೆರೆದು, ಉತ್ತರ ಬರೆದು ಕಳಿಸಿ, ಮುಂದಿನ ಪತ್ರಕ್ಕೆ ಹೋದಳು. ಅವನು ಇನ್ನೂ ಕೂತಿದ್ದಾನೆಂಬುದನ್ನು ಗಮನಿಸಲೂ ಇಲ್ಲ. ಆದೇಶವನ್ನು ಯಾರೂ ಹಿಂತೆಗೆದುಕೊಂಡಿಲ್ಲ, ಜಾರಿಗೂ ತಂದಿಲ್ಲ. ಎಂಟು ತಿಂಗಳಾಯಿತು, ಅದೇ ಕುರ್ಚಿಯಲ್ಲಿದ್ದಾಳೆ.