ಅಳುವಿಗೆ ಕೊಟ್ಟ ಅಂಕ

ನೋಡಿದ ಪ್ರತಿ ಸಿನಿಮಾಕ್ಕೂ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಬರೆದಿಡುತ್ತೇನೆ. ಒಮ್ಮೆ ಬರೆದದ್ದನ್ನು ತಿದ್ದುವುದಿಲ್ಲ. ಇದು ನನ್ನ ಸೊಸೆಯಂದಿರಿಗೂ ಗೊತ್ತು.

ಮೊನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಮೂರು ಸಿನಿಮಾಗಳ ಅಭಿಪ್ರಾಯ ಬರೆಯುತ್ತಿದ್ದೆ. ಮೊದಲನೆಯದರಲ್ಲಿ ಹೊಡೆದಾಟ ಮುಗಿಯುವುದೇ ಇಲ್ಲ, ನಾಲ್ಕು. ಎರಡನೆಯದರಲ್ಲಿ ನಾಯಕಿಗೆ ನಿಜವಾಗಿ ರೊಟ್ಟಿ ಬಡಿಯಲು ಬರುತ್ತದೆ, ಏಳು. ಮೂರನೆಯದರಲ್ಲಿ ಅಜ್ಜ ಸತ್ತಾಗ ಹಸಿರು ಸೀರೆಯವಳಿಗೆ ಅಳಲು ಬರುವುದಿಲ್ಲ, ಎರಡು.

"ಅಕ್ಕಾರ, ಆ ಹಸಿರು ಸೀರಿಯಾಕಿ ನಾನ ರೀ," ಎಂದಳು ನನ್ನ ನೋಟ್‌ಬುಕ್ಕಿಗೆ ಇಣುಕುತ್ತಿದ್ದ ಪಕ್ಕದ ಸೀಟಿನ ಹೆಂಗಸು.

ನನ್ನ ಪೆನ್ನು ನಿಂತಿತು. ಅವಳು ನಾಟಕದವಳು. ಅದು ಅವಳ ಮೊದಲ ಸಿನಿಮಾ. ಇನ್ನೊಂದು ಸಿನಿಮಾದ ಪಾತ್ರಕ್ಕೆ ಆಯ್ಕೆ ಪರೀಕ್ಷೆ ಕೊಡಲು ಈಗ ಧಾರವಾಡಕ್ಕೆ ಹೊರಟಿದ್ದಳು.

"ತಪ್ಪೇನು ಹೇಳ್ರಿ. ಇವತ್ತೂ ಅಳೂದ ಐತಿ."

"ಸತ್ತಾಂವನ್ನ ಬಿಟ್ಟು ನಮ್ಮ ಕಡೆ ನೋಡಿ ಅಳ್ತೀಯಲ್ಲವಾ!"

"ನಾಟಕದಾಗ ಮಂದಿ ಕಡೆ ಮುಖಾ ಮಾಡೇ ಅಳಬೇಕ್ರಿ. ಅದ ರೂಢಿ ಆಗೇತಿ."

"ಹಂಗಾರ ನನ್ನ ನೋಡಬ್ಯಾಡ. ಈ ಚೀಲಾನ ಅಜ್ಜ ಅಂತ ತಿಳ್ಕೊಂಡು ಅಳು."

ಅವಳು ನನ್ನ ತೊಡೆಯ ಮೇಲಿನ ಚೀಲ ನೋಡುತ್ತ ಅಳತೊಡಗಿದಳು. ಕಂಡಕ್ಟರ್ ನೀರಿನ ಬಾಟಲಿ ಹಿಡಿದು ಓಡಿಬಂದ. "ಅಮ್ಮಾರ, ಪಾಪ ಆಕಿಗೆ ಏನಂದ್ರಿ?" ಎಂದು ನನ್ನನ್ನೇ ಗದರಿದ.

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಈಗ ಎಷ್ಟ್ರಿ?"

ಎರಡನ್ನು ತಿದ್ದಲಿಲ್ಲ. ಅದರ ಕೆಳಗೆ ಹೊಸ ಸಾಲು ಬರೆದೆ: ಬಸ್ಸಿನಲ್ಲಿ, ಒಂಬತ್ತು.

ಕಡಿಮೆ ಮಾಡಿದ ಒಂದು ಅಂಕ ಅವಳದಲ್ಲ, ನನ್ನ ಚೀಲದ್ದು. ಸತ್ತವನ ಪಾತ್ರ ಕೊಟ್ಟರೂ ಅದು ದಾರಿಯುದ್ದಕ್ಕೂ ಅಲುಗಾಡುತ್ತಲೇ ಇತ್ತು.